ಒಲೆ ಎಣಿಸಿ ಬರೆದ ಪಟ್ಟಿ

2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನಲ್ಲಿ ಸುರಿದ ಮಳೆ ಎಂದರೆ ಬಹಳ ಜನರಿಗೆ ಈಗಲೂ ನೆನಪಾಗುವುದು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೊರಟ ಐಟಿ ನೌಕರರು, ಯಮಲೂರಿನ ಬಂಗಲೆಗಳ ಮುಂದೆ ತೇಲಿದ ಕಾರುಗಳು. ಮರುದಿನ ಬೆಳಿಗ್ಗೆ ಹವಾಮಾನ ಇಲಾಖೆ ಕೊಟ್ಟ ಲೆಕ್ಕದಲ್ಲಿ ಒಂದೇ ದಿನಕ್ಕೆ 131.6 ಮಿಲಿಮೀಟರ್ ಮಳೆ. ಆ ನೀರು ಬಂಗಲೆಗಳ ಗೇಟು ದಾಟುವ ಹೊತ್ತಿಗೆ ಮಾರತಹಳ್ಳಿ, ಬೆಳ್ಳಂದೂರು, ವರ್ತೂರು ಸುತ್ತಲಿನ ತಗಡಿನ ಶೆಡ್ಡುಗಳಲ್ಲಿ ಜನ ಆಗಲೇ ಎದ್ದು ಮಕ್ಕಳನ್ನು ಹೆಗಲಿಗೇರಿಸಿಕೊಂಡಿದ್ದರು. ಅಂಥ ಒಂದು ವಸತಿಯಲ್ಲಿ ಆ ಬೆಳಗಿನಿಂದ ಮುಂದಿನ ಯುಗಾದಿಯವರೆಗೆ ನಾವು ಏನೇನು ಮಾಡಿದೆವು, ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಎಂಬುದನ್ನು ಬರೆದಿಡಬೇಕೆಂದು ತುಂಬ ದಿನದಿಂದ ಅಂದುಕೊಂಡಿದ್ದೆ. ಆ ಜಾಗದ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಇನ್ನೂ ಅಲ್ಲೇ ಇದ್ದಾರೆ, ಹೆಸರು ಪತ್ರಿಕೆಯಲ್ಲಿ ಬಂದರೆ ಜಾಗದ ಓನರ್ ಶೆಡ್ಡು ಬಿಡಿಸುತ್ತಾನೆಂಬ ಭಯ ಅವರಿಗಿದೆ.

ನಾನು ಲಿಂಗಸುಗೂರಿನ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬಂದು ಬಹಳ ವರ್ಷವಾಯಿತು, ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುತ್ತೇನೆ. 2020ರ ಲಾಕ್‌ಡೌನಿನಲ್ಲಿ ನಮ್ಮ ಬೀದಿಯ ಐದಾರು ಜನ ಸೇರಿ ಆ ಶೆಡ್ಡುಗಳಿಗೆ ಅಕ್ಕಿ, ಬೇಳೆ ಮುಟ್ಟಿಸುತ್ತಿದ್ದೆವು. ನನ್ನ ಮಾತು ಕೇಳಿ ಅಲ್ಲಿನ ಹೆಂಗಸೊಬ್ಬರು "ನಮ್ಮ ಕಡೀಯವ್ರಲ್ರೀ ನೀವು!" ಎಂದು ಕೈ ಹಿಡಿದುಕೊಂಡಿದ್ದರು. ಅಲ್ಲಿರುವವರಲ್ಲಿ ಮುಕ್ಕಾಲು ಪಾಲು ರಾಯಚೂರು, ಯಾದಗಿರಿ, ಕಲಬುರಗಿಯಿಂದ ಗುಳೆ ಬಂದವರು. ಉಳಿದವರು ಪಶ್ಚಿಮ ಬಂಗಾಳದವರು. ಗಂಡಸರು ಗಾರೆ, ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾರೆ, ಹೆಂಗಸರು ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ ಮಾಡುತ್ತಾರೆ, ಬಂಗಾಳದ ಕೆಲವು ಕುಟುಂಬಗಳು ಕಸ ವಿಂಗಡಿಸುತ್ತವೆ.

ನೀರು ಅಲ್ಲಿಗೇ ಯಾಕೆ ಬರುತ್ತದೆ ಎಂಬುದಕ್ಕೆ ದೊಡ್ಡ ಅಧ್ಯಯನ ಬೇಕಿಲ್ಲ. ಬೆಂಗಳೂರಿನ ಪೂರ್ವ ಭಾಗದ ಮಳೆನೀರು, ಅದರ ಜೊತೆಗೆ ಕೊಳಚೆ, ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಇಳಿದು ಬೆಳ್ಳಂದೂರು ಕೆರೆಗೆ ಬಂದು, ಅಲ್ಲಿಂದ ವರ್ತೂರು ಕೆರೆಗೆ ಹೋಗಿ, ಕೊನೆಗೆ ದಕ್ಷಿಣ ಪಿನಾಕಿನಿ ಸೇರುತ್ತದೆ. ಈ ದಾರಿಯ ರಾಜಕಾಲುವೆಗಳ ಪಕ್ಕದಲ್ಲಿ ತಗ್ಗಿನ ಜಮೀನುಗಳಿವೆ. ಅಲ್ಲಿ ಕಟ್ಟಡ ಎಬ್ಬಿಸುವುದು ಕಷ್ಟ, ಎಬ್ಬಿಸಿದರೂ ತಕರಾರು. ಹಾಗಾಗಿ ಜಾಗದ ಮಾಲೀಕರು ಅದನ್ನು ತಿಂಗಳ ಬಾಡಿಗೆಗೆ ಶೆಡ್ಡು ಹಾಕಿಕೊಳ್ಳಲು ಕೊಡುತ್ತಾರೆ. ಬಾಡಿಗೆ ಮೇಸ್ತ್ರಿಯ ಮೂಲಕ ಹೋಗುತ್ತದೆ, ರಸೀದಿ ಇರುವುದಿಲ್ಲ. ಕಾಲುವೆಗೆ ಹತ್ತಿರವಾದಷ್ಟೂ ಬಾಡಿಗೆ ಕಡಿಮೆ. ಹಾಗಾಗಿ ಎಲ್ಲರಿಗಿಂತ ಬಡವರು ಎಲ್ಲರಿಗಿಂತ ಹಿಂದಿನ ಸಾಲಿನಲ್ಲಿ, ನೀರಿನ ಬಾಯಲ್ಲೇ ಇರುತ್ತಾರೆ. ಮುಂದೆ ನಡೆದದ್ದೆಲ್ಲ ಅರ್ಥವಾಗಬೇಕಾದರೆ ಈ ಹಿಂದಿನ ಸಾಲನ್ನು ನೆನಪಿಟ್ಟುಕೊಳ್ಳಬೇಕು.

ಆ ಬೆಳಿಗ್ಗೆ ನಾವು ಹೋದಾಗ ಜನರೆಲ್ಲ ಪಕ್ಕದಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗಿನ ಮೊದಲ ಮಹಡಿಯಲ್ಲಿದ್ದರು. ವಾಚ್‌ಮನ್ ರಾತ್ರಿಯೇ ಗೇಟು ತೆಗೆದು ಎಲ್ಲರನ್ನೂ ಮೇಲೆ ಹತ್ತಿಸಿದ್ದ, ಅವನೂ ಯಾದಗಿರಿ ಕಡೆಯವನೇ. ಗೋಡೆಗಳಿಲ್ಲದ ಮಹಡಿ, ಎರಚಲು ಒಳಗೇ ಬರುತ್ತಿತ್ತು. ಕೆಳಗೆ ಶೆಡ್ಡುಗಳಲ್ಲಿ ಸೊಂಟದ ಮಟ್ಟ ನೀರು, ಹಿಂದಿನ ಸಾಲಿನಲ್ಲಿ ಎದೆ ಮಟ್ಟ. ನಾವು ಇಡ್ಲಿ, ಬ್ರೆಡ್ಡು ಒಯ್ದಿದ್ದೆವು. ಎಲ್ಲರೂ ದೊಡ್ಡಮ್ಮ ಎಂದು ಕರೆಯುವ, ಮಾನ್ವಿ ಕಡೆಯ ಹಿರಿಯ ಹೆಂಗಸು ಅದನ್ನು ತೆಗೆದು ಮಕ್ಕಳ ಕೈಗೆ ಕೊಟ್ಟು ನನ್ನ ಕಡೆ ತಿರುಗಿದರು. "ಊಟ ಯಾರಾರ ತಂದು ಕೊಡ್ತಾರವ್ವಾ. ಕೂಸುಗಳಿಗೆ ಹೊಚ್ಚಾಕ ಒಂದು ಒಣಾ ಅರಿವಿ ಇಲ್ಲ. ಕುಡಿಯಾಕ ನೀರಿಲ್ಲ."

ಅವರು ಹೇಳಿದ್ದು ಸರಿಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಬೇರೆ ಬೇರೆ ಗುಂಪಿನವರು ತಂದ ಪಲಾವು ಮಿಕ್ಕು ಹಳಸಿತು. ನೀರು ಮಾತ್ರ ಎಲ್ಲಿಯೂ ಇರಲಿಲ್ಲ. ರಸ್ತೆ ಮುಳುಗಿದ್ದರಿಂದ ಟ್ಯಾಂಕರು ಬರಲಿಲ್ಲ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಕಾವೇರಿ ನೀರೆತ್ತುವ ಪಂಪ್‌ಹೌಸಿಗೇ ಪ್ರವಾಹ ನುಗ್ಗಿದ್ದರಿಂದ ನಲ್ಲಿ ಇದ್ದವರಿಗೂ ನೀರು ನಿಂತುಹೋಗಿತ್ತು, ಹಾಗಾಗಿ ಕೇಳಲು ಹೋದರೆ ಅಕ್ಕಪಕ್ಕದ ಮನೆಗಳಲ್ಲೂ ಇಲ್ಲ. ಇಪ್ಪತ್ತು ಲೀಟರಿನ ಕ್ಯಾನುಗಳನ್ನು ಎಲ್ಲೆಲ್ಲಿಂದಲೋ ಹೊಂದಿಸಿ ಎತ್ತರದ ರಸ್ತೆಯವರೆಗೆ ಆಟೋದಲ್ಲಿ ತಂದೆವು. ಅಲ್ಲಿಂದ ಹುಡುಗರು ಹೆಗಲ ಮೇಲೆ ಹೊತ್ತರು. ಆ ರಾತ್ರಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಚಾದರ. ಅವರ ಹತ್ತಿರ ಇದ್ದ ಹೊದಿಕೆಯೆಂದರೆ ಊರಿಂದ ತಂದ ಕೌದಿಗಳು. ಹಳೆ ಸೀರೆ ಪದರ ಪದರ ಸೇರಿಸಿ ಹೊಲಿದ ಕೌದಿ ಒಮ್ಮೆ ನೆನೆದರೆ ಇಬ್ಬರು ಹಿಡಿದರೂ ಎತ್ತಲಾಗದು, ಆ ಮೋಡದಲ್ಲಿ ಒಣಗುವುದಕ್ಕೆ ವಾರ ಬೇಕು. ಕಿಟ್ ಹಂಚುವವರ ಪಟ್ಟಿಯಲ್ಲಿ ಅಕ್ಕಿ, ಗೋಧಿಹಿಟ್ಟು, ಬಿಸ್ಕತ್ತು ಇರುತ್ತವೆ. ಅಕ್ಕಿ ಬೇಯಿಸಲು ಒಲೆ ಎಲ್ಲಿದೆ, ಕಟ್ಟಿಗೆ ಎಲ್ಲಿ ಒಣಗಿದೆ ಎಂದು ಯಾರೂ ಕೇಳಿರುವುದಿಲ್ಲ.

ಮೂರನೆಯ ದಿನದಿಂದ ನಿಜವಾದ ತೊಡಕು ಶುರುವಾಯಿತು. ನೀರು ಇಳಿದು ಜನ ಶೆಡ್ಡುಗಳಿಗೆ ಮರಳಿ ಕೆಸರು ತೆಗೆಯತೊಡಗಿದರು. ನೆರವು ತರುವ ಗಾಡಿಗಳೂ ಹೆಚ್ಚಾದವು. ಗಾಡಿ ರಸ್ತೆಯಲ್ಲೇ ನಿಲ್ಲುತ್ತದೆ, ಮುಂದಿನ ಸಾಲಿನವರು ಓಡಿ ಬರುತ್ತಾರೆ, ಕಿಟ್ ಖಾಲಿಯಾಗುತ್ತದೆ, ಗಾಡಿ ಹೋಗುತ್ತದೆ. ಮುಂದಿನ ಸಾಲಿನ ಕೆಲವು ಮನೆಗಳಿಗೆ ಮೂರು ಮೂರು ಕಿಟ್ ಸಿಕ್ಕಿದ್ದವು. ಕಾಲುವೆ ಪಕ್ಕದ ಸಾಲಿನವರಿಗೆ ಒಂದೂ ಇಲ್ಲ, ಯಾಕೆಂದರೆ ಅವರು ಇನ್ನೂ ಮೊಣಕಾಲುದ್ದ ಕೆಸರಿನಲ್ಲಿದ್ದರು. ಜಗಳ ಶುರುವಾಯಿತು, ಬಂಗಾಳದವರಿಗೂ ನಮ್ಮ ಕಡೆಯವರಿಗೂ ಮಾತು ಬೆಳೆಯಿತು. ಇದಕ್ಕೊಂದು ಪಟ್ಟಿ ಬೇಕು ಎಂದು ನಾವು ಪುಸ್ತಕ ಹಿಡಿದು ಶೆಡ್ಡು ಎಣಿಸಲು ಹೊರಟೆವು.

ಅರ್ಧ ಸಾಲು ಮುಗಿಯುವಷ್ಟರಲ್ಲಿ ದೊಡ್ಡಮ್ಮ ತಡೆದರು. "ಮನಿ ಎಣಿಸಬ್ಯಾಡ್ರೀ ಅಕ್ಕಾರ, ಒಲಿ ಎಣಿಸ್ರಿ. ಒಂದೊಂದು ಮನ್ಯಾಗ ಎಲ್ಡೆಲ್ಡು ಒಲಿ ಅದಾವು." ಒಂದು ಶೆಡ್ಡಿನಲ್ಲಿ ಅಣ್ಣ ತಮ್ಮ ಇಬ್ಬರ ಸಂಸಾರ, ನಡುವೆ ಸೀರೆ ಅಡ್ಡ ಕಟ್ಟಿ ಬೇರೆ ಬೇರೆ ಒಲೆ. ಇನ್ನೊಂದು ಕಡೆ ಮೂರು ಶೆಡ್ಡುಗಳಲ್ಲಿ ಮಲಗುವ ಹುಡುಗರೆಲ್ಲ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ತಿನ್ನುತ್ತಾರೆ. ಶೆಡ್ಡಿನ ಲೆಕ್ಕದಲ್ಲಿ ಹಂಚಿದ್ದರೆ ಮೊದಲಿನವರಿಗೆ ಅರ್ಧ, ಎರಡನೆಯವರಿಗೆ ಮೂರು ಪಟ್ಟು ಹೋಗುತ್ತಿತ್ತು. ಆಮೇಲೆ ಎಲ್ಲ ಲೆಕ್ಕವೂ ಒಲೆಯ ಲೆಕ್ಕವೇ ಆಯಿತು. ಸಾಲಿಗೊಬ್ಬರಂತೆ ಹೆಂಗಸರನ್ನು ಅವರವರೇ ಆರಿಸಿಕೊಂಡರು. ಬಂಗಾಳದ ಸಾಲಿನಿಂದ ಬಂದಾಕೆಗೆ ಹಿಂದಿ ಬರುತ್ತಿತ್ತು, ನನ್ನ ಹರಕು ಹಿಂದಿಯಲ್ಲಿ ಹೇಗೋ ಮಾತು ನಡೆಯಿತು. ಬರೆಯುವ ಕೆಲಸ ಎಂಟನೇ ಕ್ಲಾಸಿನಲ್ಲಿದ್ದ ದೊಡ್ಡಮ್ಮನ ಮೊಮ್ಮಗಳದು. ಒಲೆಗೊಂದು ಸಾಲು: ಎಷ್ಟು ಜನ, ಆರು ವರ್ಷದೊಳಗಿನ ಮಕ್ಕಳು ಎಷ್ಟು, ಬಸುರಿ ಅಥವಾ ಬಾಣಂತಿ ಇದ್ದಾರಾ, ಶಾಲೆಗೆ ಹೋಗುವವರು ಯಾರು, ಯಾವ ಕಾಗದ ನೆನೆದಿದೆ. ಕೊನೆಯ ಕಲಮನ್ನು ಸೇರಿಸಿದ್ದು ಆ ಹುಡುಗಿಯೇ.

ಎಲ್ಲರೂ ಹೆಸರು ಬರೆಸಲಿಲ್ಲ. "ಹೆಸರು ಬರಕಂಡು ಹೋಗಿ ಏನ್ ಮಾಡ್ತೀರಿ?" ಎಂದು ಕೇಳಿದವರಿದ್ದರು, ಅದರಲ್ಲಿ ತಪ್ಪೇನೂ ಇಲ್ಲ. 2020ರ ಜನವರಿಯಲ್ಲಿ ಇಲ್ಲಿಗೆ ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶದವರಿದ್ದಾರೆಂದು ಹೇಳಿ ಶೆಡ್ಡುಗಳನ್ನು ಕೆಡವಿದ್ದರು. ಅಲ್ಲಿ ಉತ್ತರ ಕರ್ನಾಟಕದವರೂ ಇದ್ದರು. ಆ ತೆರವು ಕಾನೂನಿಗೆ ವಿರುದ್ಧ ಎಂದು ಆಮೇಲೆ ಹೈಕೋರ್ಟು ಹೇಳಿತು. ಆದರೆ ಶೆಡ್ಡಿನವರ ನೆನಪಿನಲ್ಲಿ ಉಳಿದಿರುವುದು ಜೆಸಿಬಿ. ಈ ಮಳೆಯ ಮರುವಾರವೇ ರಾಜಕಾಲುವೆ ಒತ್ತುವರಿ ತೆರವು ಶುರುವಾದಾಗ ಭಯ ಇನ್ನೂ ಹೆಚ್ಚಾಯಿತು. ಹಾಗಾಗಿ ಪುಸ್ತಕ ನಮ್ಮ ಕೈಯಲ್ಲಿ ಇರಕೂಡದು ಎಂದು ತೀರ್ಮಾನವಾಯಿತು. ಅದು ದೊಡ್ಡಮ್ಮನ ಟ್ರಂಕಿನಲ್ಲೇ ಇರಬೇಕು, ಯಾರಿಗೆ ಬೇಕೋ ಅವರು ಅಲ್ಲೇ ಕೂತು ನೋಡಬೇಕು, ಫೋಟೋ ಹೊಡೆಯಕೂಡದು. ಹೆಸರು ಬೇಡ ಎಂದವರಿಗೆ ಒಲೆಯ ನಂಬರು ಸಾಕು.

ಹಂಚುವ ದಿನ ಹಿಂದಿನ ಸಾಲಿನಿಂದ ಶುರು. ಹಿಂದಿನ ದಿನವೇ ಚೀಟಿ ಕೊಟ್ಟಿರುತ್ತಾರೆ, ಚೀಟಿಯ ಮೇಲೆ ಆ ಸಾಲಿನ ಹೆಂಗಸಿನ ಸಹಿ ಅಥವಾ ಹೆಬ್ಬೆಟ್ಟು. ಗಾಡಿ ತಂದವರಿಗೆ ಮೊದಲು ದೊಡ್ಡಮ್ಮನ ಹತ್ತಿರ ಹೋಗಿ ಎನ್ನುತ್ತಿದ್ದೆವು. ಕೆಲವರಿಗೆ ಸಿಟ್ಟು ಬಂತು. ಒಂದು ಗುಂಪಿನವರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬಿಸ್ಕತ್ತು ಕೊಡುವ ಫೋಟೋ ಬೇಕೇ ಬೇಕು, ಕೊಟ್ಟವರಿಗೆ ತೋರಿಸಬೇಕು ಎಂದರು. ಬಿಲ್ಲಿನ ಫೋಟೋ ತೆಗೆಯಿರಿ, ಮಗುವಿನದು ಬೇಡ ಎಂದೆ. ಅವರು ಗಾಡಿ ತಿರುಗಿಸಿಕೊಂಡು ಹೋದರು. ಆ ದಿನ ನನಗೆ ಸಂಕಟವಾಯಿತು, ಅಷ್ಟು ಸಾಮಾನು ಕೈಬಿಟ್ಟಿತಲ್ಲ ಎಂದು. ಹೆಂಗಸರು ಯಾರೂ ನನ್ನನ್ನು ಒಂದು ಮಾತು ಆಡಲಿಲ್ಲ. ತಮ್ಮ ಮಗಳು ಕೈ ಚಾಚಿ ನಿಂತ ಚಿತ್ರ ಊರಿನವರ ಮೊಬೈಲಿಗೆ ಹೋಗುವುದು ಎಷ್ಟು ಅವಮಾನ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಹಳೆ ಬಟ್ಟೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮೂಟೆ ಮೂಟೆ ಬಂತು. ಜರತಾರಿ ಲೆಹೆಂಗಾ, ಕೋಟು, ಒಂಟಿ ಸಾಕ್ಸು, ಹರಿದ ಒಳಲಂಗ. ವಿಂಗಡಿಸಲು ಕೂತ ಹೆಂಗಸರು ಅಪಾರ್ಟ್‌ಮೆಂಟಿನ ಕೆಲಸಕ್ಕೆ ರಜೆ ಹಾಕಿ ಕೂತಿದ್ದರು. ಮರುದಿನ ಮಳೆ ಬಂದು ಉಳಿದ ಮೂಟೆ ನೆನೆದು ಕೊಳೆತು, ಅದನ್ನು ಸಾಗಿಸಲು ನಾವೇ ದುಡ್ಡು ಕೊಟ್ಟು ಗಾಡಿ ಮಾಡಬೇಕಾಯಿತು. ನಿಜಕ್ಕೂ ಬೇಕಾಗಿದ್ದದ್ದು ಹೊಸ ಒಳಉಡುಪು, ಲಂಗ, ನೈಟಿ, ಮಕ್ಕಳ ಚಡ್ಡಿ, ಮುಟ್ಟಿನ ಪ್ಯಾಡು, ಬಾಣಂತಿಯರಿಗೆ ಮೆತ್ತನೆ ಹತ್ತಿ ಬಟ್ಟೆ.

ದುಡ್ಡು ಕೊಡುವವರಿಗೆ ನಾವು ಕಿರಾಣಿ ಅಂಗಡಿಯ ದಾರಿ ತೋರಿಸಿದೆವು. ಶೆಡ್ಡುಗಳ ಎದುರಿಗಿನ ಅಂಗಡಿಯವನು ಮೊದಲಿನಿಂದಲೂ ಎಲ್ಲರಿಗೂ ಉದ್ರಿ ಕೊಡುತ್ತಿದ್ದವನು. ಅವನ ಅಂಗಡಿಗೂ ನೀರು ನುಗ್ಗಿ ಸಕ್ಕರೆ, ರವೆ ಎಲ್ಲ ಹೋಗಿತ್ತು. ಒಲೆಗೆ ಇಷ್ಟು ಎಂದು ಅವನ ಖಾತೆಗೆ ಹಣ ಹಾಕಿಸಿದೆವು, ಪುಸ್ತಕ ನೋಡಿಕೊಂಡು ಅವನು ಸಾಮಾನು ಕೊಡುತ್ತಿದ್ದ. ಏನು ಬೇಕೆಂಬುದು ಅವರವರಿಗೆ ಬಿಟ್ಟದ್ದು. ಜೋಳದ ಹಿಟ್ಟು, ಖಾರದಪುಡಿ, ಎಣ್ಣೆ, ಸಾಬೂನು, ಸೀಮೆಸುಣ್ಣದಂತೆ ಗಟ್ಟಿಯಾಗಿಹೋಗಿದ್ದ ಉಪ್ಪಿನ ಬದಲು ಹೊಸ ಉಪ್ಪು. ಬಹಳ ಜನ ಮೊಬೈಲ್ ರೀಚಾರ್ಜ್ ಮಾಡಿಸಿಕೊಂಡರು. ದಾನಿಯೊಬ್ಬರು ಇದನ್ನು ಕೇಳಿ ಬೇಸರಪಟ್ಟರು. ಮೇಸ್ತ್ರಿಯ ಫೋನು ಬಂದರೆ ಮಾತ್ರ ಮರುದಿನದ ಕೂಲಿ ಎಂದು ವಿವರಿಸಿದ ಮೇಲೆ ಮತ್ತಷ್ಟು ಕಳಿಸಿದರು. ಆ ವಾರಗಳಲ್ಲಿ ಸೈಟುಗಳು ನಿಂತಿದ್ದವು. ಕೆಲಸ ಕೊಡುತ್ತಿದ್ದ ಮನೆಯವರು ಹೋಟೆಲಿಗೋ ಊರಿಗೋ ಹೋಗಿದ್ದರಿಂದ ಹೆಂಗಸರ ಸಂಬಳ ಕಡಿತವಾಗಿತ್ತು. ಮೇಸ್ತ್ರಿಯ ಹತ್ತಿರ ಮುಂಗಡ ತೆಗೆದುಕೊಂಡರೆ ಮುಂದಿನ ವರ್ಷದವರೆಗೂ ಅವನು ಹೇಳಿದ ಕೂಲಿಗೆ ದುಡಿಯಬೇಕು. ಅಂಗಡಿಯ ಆ ಸಣ್ಣ ಮೊತ್ತ ಕೆಲವರನ್ನಾದರೂ ಆ ಮುಂಗಡದಿಂದ ಉಳಿಸಿತು.

ಕಕ್ಕಸಿನ ವಿಷಯ ಗಂಡಸರು ಮಾತಾಡಲಿಲ್ಲ, ಹೆಂಗಸರು ಕತ್ತಲಾದ ಮೇಲೆ ಮಾತಾಡಿದರು. ಇದ್ದ ಗುಂಡಿಗಳೆಲ್ಲ ತುಂಬಿ ಹರಿದಿದ್ದವು. ಹೊರಗೆ ಹೋಗಲು ಕತ್ತಲಾಗಬೇಕೆಂದು ಬಸುರಿಯರೂ ನೀರು ಕುಡಿಯುವುದನ್ನು ಬಿಟ್ಟಿದ್ದರು. ಹತ್ತಿರದ ಅಪಾರ್ಟ್‌ಮೆಂಟೊಂದರ ಸಂಘದವರನ್ನು ಕೇಳಿಕೊಂಡೆವು. ಅಲ್ಲಿ ಕೆಲಸ ಮಾಡುವ ಹೆಂಗಸರೇ ಮುಂದೆ ನಿಂತು ಕೇಳಿದ್ದರಿಂದ, ಕೆಲಸದವರಿಗಾಗಿ ಕಟ್ಟಿಸಿದ್ದ ನೆಲಮಹಡಿಯ ಶೌಚಾಲಯಗಳನ್ನು ಬೆಳಗಿನಿಂದ ರಾತ್ರಿಯವರೆಗೆ ತೆರೆದಿಟ್ಟರು. ಆಶಾ ಕಾರ್ಯಕರ್ತೆ ಕ್ಲೋರಿನ್ ಮಾತ್ರೆ, ಓಆರ್‌ಎಸ್ ತಂದು ಸಾಲು ಸಾಲಿಗೆ ಹೋಗಿ ಬಳಸುವುದು ತೋರಿಸಿದರು. ಪ್ಯಾಕೆಟ್ಟು ಮುಗಿದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂಬುದನ್ನು ಹುಡುಗಿಯರು ಬಾಯಿಪಾಠ ಮಾಡಿಕೊಂಡರು. ಭೇದಿಯಾದ ಮಕ್ಕಳಿಗೆ ಜಿಂಕ್ ಮಾತ್ರೆಯನ್ನು ಹದಿನಾಲ್ಕು ದಿನ ಕೊಡಬೇಕು, ಭೇದಿ ನಿಂತಿತೆಂದು ನಡುವೆ ಬಿಡಬಾರದು, ಇದನ್ನು ಆಕೆ ಮತ್ತೆ ಮತ್ತೆ ಹೇಳಿದರು. ಕೆಸರಿನಲ್ಲಿ ಓಡಾಡಿ ಎಲ್ಲರ ಕಾಲ್ಬೆರಳ ಸಂದಿಯಲ್ಲೂ ಹುಣ್ಣಾಗಿತ್ತು. ಹುಣ್ಣಿದ್ದ ಕಾಲಲ್ಲೇ ಕೊಳಚೆ ನೀರಿಗಿಳಿದರೆ ಇಲಿಜ್ವರ ಬರಬಹುದೆಂದು, ಕಾಲುವೆ ಸ್ವಚ್ಛ ಮಾಡಲು ಹೋಗುವ ಗಂಡಸರಿಗೆ ಆರೋಗ್ಯ ಕೇಂದ್ರದ ವೈದ್ಯರು ಮೊದಲೇ ಮಾತ್ರೆ ಕೊಟ್ಟರು. ಆ ವಸತಿಯಲ್ಲಿ ಯಾರೂ ಸಾಯಲಿಲ್ಲ. ಅದಕ್ಕೆ ಆ ಆಶಾ ಕಾರ್ಯಕರ್ತೆಯ ಕಾಲ್ನಡಿಗೆಯೇ ಕಾರಣವೆಂದು ನಾನು ನಂಬಿದ್ದೇನೆ.

ಇನ್ನು ಕಾಗದ. ಸಾಮಾನು ಹೋದರೆ ದುಡಿದು ತರಬಹುದು, ಕಾಗದ ಹೋದರೆ ದುಡಿದರೂ ಬರುವುದಿಲ್ಲ ಎಂದು ಯಾದಗಿರಿಯ ತಾಯಿಯೊಬ್ಬಳು ಅತ್ತದ್ದು ಈಗಲೂ ಕಿವಿಯಲ್ಲಿದೆ. ಆಧಾರ್, ಪಡಿತರ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು, ಮಕ್ಕಳ ಟಿಸಿ, ತಾಯಿ ಕಾರ್ಡು. ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಹಾಸಿಗೆಯ ಕೆಳಗೆ ಇಟ್ಟಿದ್ದರು, ಚೀಲದೊಳಗೂ ನೀರು ಹೋಗಿತ್ತು. ಅಂಟಿಕೊಂಡ ಹಾಳೆಗಳನ್ನು ಒದ್ದೆಯಿದ್ದಾಗ ಎಳೆದರೆ ಅಕ್ಷರವೆಲ್ಲ ಕಿತ್ತು ಬರುತ್ತದೆ. ಹಳೆ ಪತ್ರಿಕೆಯ ನಡುವೆ ಚಪ್ಪಟೆಯಾಗಿಟ್ಟು, ನೆರಳಲ್ಲಿ, ಪತ್ರಿಕೆ ಬದಲಿಸುತ್ತಾ ಒಣಗಿಸಬೇಕು. ನಮ್ಮ ಮನೆಯ ಹಾಲಿನ ತುಂಬ ಹಾಗೆ ಹರಡಿದ್ದೆವು. ತಾಯಿ ಕಾರ್ಡುಗಳನ್ನು ಮೊದಲು ನೋಡಿದೆವು. ಮಗುವಿಗೆ ಯಾವ ಚುಚ್ಚುಮದ್ದು ಯಾವಾಗ ಆಗಿದೆ ಎಂಬುದು ಅದರಲ್ಲಿ ಮಾತ್ರ ಬರೆದಿರುತ್ತದೆ, ಊರಿನ ಆಸ್ಪತ್ರೆಯಲ್ಲಿ ಹಾಕಿಸಿದ್ದಾದರೆ ಇಲ್ಲಿ ಬೇರೆ ದಾಖಲೆ ಸಿಗುವುದಿಲ್ಲ. ಓದಲು ಬಂದಷ್ಟನ್ನು ಬೇರೆ ಹಾಳೆಗೆ ಇಳಿಸಿ ನರ್ಸಮ್ಮನ ಹತ್ತಿರ ಹೊಸ ಕಾರ್ಡಿಗೆ ಬರೆಸಿದೆವು.

ಆಧಾರಿನದು ದೊಡ್ಡ ಕಥೆ. ಆನ್‌ಲೈನಿನಲ್ಲಿ ಆಗ 50 ರೂಪಾಯಿ ಕಟ್ಟಿದರೆ ಪ್ಲಾಸ್ಟಿಕ್ ಕಾರ್ಡು ಬರುತ್ತಿತ್ತು. ಆದರೆ ಅದು ಅಂಚೆಯಲ್ಲಿ ಬರುವುದು ಆಧಾರಿನಲ್ಲಿರುವ ವಿಳಾಸಕ್ಕೆ, ಅಂದರೆ ಊರಿಗೆ. ಇ-ಆಧಾರ್ ಇಳಿಸಿಕೊಳ್ಳೋಣವೆಂದರೆ ನೋಂದಾಯಿಸಿದ ಮೊಬೈಲಿಗೆ ಓಟಿಪಿ ಬರಬೇಕು. ಆ ಸಿಮ್ಮು ಬಿಟ್ಟು ಎಷ್ಟೋ ವರ್ಷ, ಅಥವಾ ಮೊಬೈಲೇ ನೀರು ಕುಡಿದು ಸತ್ತಿದೆ. ಹಾಗಿದ್ದವರು ಸೇವಾ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಡಬೇಕು, ಗಾರೆ ಕೆಲಸದವರ ಬೆರಳು ಸವೆದು ಯಂತ್ರ ಓದುವುದಿಲ್ಲ, ಮತ್ತೊಮ್ಮೆ ಬಾ ಎನ್ನುತ್ತಾರೆ, ಮತ್ತೊಂದು ದಿನದ ಕೂಲಿ ಹೋಗುತ್ತದೆ. ಹಾಗಾಗಿ ನಮ್ಮಲ್ಲಿ ಇಬ್ಬರು ಬೆಳಿಗ್ಗೆಯೇ ಹೋಗಿ ಟೋಕನ್ ಹಿಡಿದು ಕೂತು, ಸರದಿ ಹತ್ತಿರ ಬಂದಾಗ ಫೋನ್ ಮಾಡಿ ಕರೆಸುತ್ತಿದ್ದರು. ನಮ್ಮ ಕೆಲಸದಲ್ಲಿ ಹೆಚ್ಚು ಪಾಲು ಹೀಗೆ ಬೆಂಚಿನ ಮೇಲೆ ಕೂತದ್ದೇ. ಪಡಿತರದ ವಿಷಯದಲ್ಲಿ ದಾರಿ ಸುಲಭವಾಗಿತ್ತು. ರಾಯಚೂರಿನ ಚೀಟಿಯವರೂ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಅಕ್ಕಿ ಪಡೆಯಬಹುದು, ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಬಂಗಾಳದವರಿಗೂ ಆ ಹಕ್ಕಿದೆ. ಇದು ಅವರಲ್ಲಿ ಬಹಳ ಜನರಿಗೆ ಗೊತ್ತಿರಲಿಲ್ಲ, ಊರಿಗೆ ಹೋದಾಗ ಮಾತ್ರ ರೇಷನ್ ಎಂದುಕೊಂಡಿದ್ದರು.

ಸರ್ಕಾರ ನೀರು ನುಗ್ಗಿದ ಮನೆಗೆ 10,000 ರೂಪಾಯಿ ಪರಿಹಾರ ಕೊಡುತ್ತಿತ್ತು. ನಾವು ಅರ್ಜಿ ಬರೆದೆವು. ಕಚೇರಿಯಲ್ಲಿ ಮನೆಯ ದಾಖಲೆ ಕೇಳಿದರು. ಶೆಡ್ಡಿಗೆ ಡೋರ್ ನಂಬರಿಲ್ಲ, ಬಾಡಿಗೆ ಕರಾರಿಲ್ಲ, ಕರೆಂಟು ಬಿಲ್ಲು ಮಾಲೀಕನ ಹೆಸರಿನಲ್ಲಿ. ಮಾಲೀಕ ಪತ್ರ ಕೊಡಲು ಒಪ್ಪಲಿಲ್ಲ. ಹೆಂಗಸರು ಗುಂಪಾಗಿ ಹೋಗಿ, ಮೊದಲ ದಿನ ತೆಗೆದ ಫೋಟೋಗಳನ್ನೂ ಒಲೆಯ ಪುಸ್ತಕವನ್ನೂ ಮೇಜಿನ ಮೇಲಿಟ್ಟರು. ಕೊನೆಗೆ ಒಬ್ಬ ಅಧಿಕಾರಿ ಸ್ಥಳಕ್ಕೆ ಬಂದು, ತಗಡಿನ ಮೇಲೆ ಉಳಿದಿದ್ದ ನೀರಿನ ಗೆರೆಯನ್ನು ಟೇಪಿನಿಂದ ಅಳೆದು ಮಹಜರು ಬರೆದುಕೊಂಡರು. ಆ ಮನುಷ್ಯ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದಿನ ಸಾಲಿನ ಕೊನೆಯ ಶೆಡ್ಡಿನವರೆಗೆ ಬಂದದ್ದನ್ನು ಅಲ್ಲಿಯವರು ಮರೆತಿಲ್ಲ. ಬೆಂಗಳೂರಿನ ವಿಳಾಸದ ಚೀಟಿ ಇದ್ದ ಕೆಲವರ ಖಾತೆಗೆ ಹಣ ಬಂತು. ಊರಿನ ವಿಳಾಸ ಇದ್ದವರಿಗೆ, ಅಂದರೆ ಹೆಚ್ಚಿನವರಿಗೆ, ಬರಲಿಲ್ಲ. ನೀರು ನುಗ್ಗಿದ್ದಕ್ಕೆ ಸಾಕ್ಷಿ ತಗಡಿನ ಮೇಲಿದ್ದರೂ ಮನೆ ಇದ್ದದ್ದಕ್ಕೆ ಸಾಕ್ಷಿ ಕೇಳುವ ನಿಯಮ ಬದಲಾಗಲೇಬೇಕು.

ಮಕ್ಕಳ ಬಗ್ಗೆ ಬರೆಯುವುದು ಇನ್ನೂ ಇದೆ. ಮೊದಲ ವಾರ ಅವರು ರಾತ್ರಿ ಮಲಗುತ್ತಿರಲಿಲ್ಲ, ತಗಡಿನ ಮೇಲೆ ಹನಿ ಬಿದ್ದರೆ ಎದ್ದು ಕೂರುತ್ತಿದ್ದರು. ಆ ಬಿಲ್ಡಿಂಗಿನ ಮಹಡಿಯಲ್ಲೇ, ದಿನಾ ಅದೇ ಹೊತ್ತಿಗೆ, ತಾಡಪಾಲು ಹಾಸಿ ಅವರನ್ನು ಕೂರಿಸಲು ಶುರುಮಾಡಿದೆವು. ನಡೆಸಿದ್ದು ಪಿಯುಸಿ ಓದುತ್ತಿದ್ದ ಅಲ್ಲಿನ ಇಬ್ಬರು ಹುಡುಗಿಯರು. ಹಾಡು, ಕುಂಟಾಬಿಲ್ಲೆ, ಚಿತ್ರ. ಎಲ್ಲರೂ ನೀರಿನ ಚಿತ್ರವನ್ನೇ ಬರೆದರು, ಬರೆಯಲಿ ಎಂದು ಬಿಟ್ಟೆವು. ಯಾರಿಗೂ ಏನಾಯಿತು ಹೇಳು ಎಂದು ಕೇಳಬಾರದೆಂದು ಹುಡುಗಿಯರಿಗೆ ಮೊದಲೇ ಹೇಳಿದ್ದೆ. ಹೇಳಬೇಕೆನಿಸಿದವರು ತಾವೇ ಹೇಳುತ್ತಿದ್ದರು. ಮಳೆ ಬಂದ ದಿನವೂ ಹುಡುಗಿಯರು ತಪ್ಪದೆ ಬರುತ್ತಿದ್ದದ್ದೇ ಮಕ್ಕಳಿಗೆ ಧೈರ್ಯ ಕೊಟ್ಟಿತೆಂದು ತೋರುತ್ತದೆ.

ಶಾಲೆ ತೆರೆದರೂ ಎಷ್ಟೋ ಹೆಣ್ಣುಮಕ್ಕಳು ಹೋಗಲಿಲ್ಲ. ಪುಸ್ತಕ, ಯೂನಿಫಾರ್ಮ್ ಹೋಗಿದೆ, ಅದಕ್ಕೇ ಇರಬೇಕು ಎಂದು ನಾವು ಅವನ್ನು ಹೊಂದಿಸಿದೆವು. ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕಿ ಉಳಿದ ಪಠ್ಯಪುಸ್ತಕಗಳನ್ನೆಲ್ಲ ತೆಗೆದುಕೊಟ್ಟರು. ಆದರೂ ಹೋಗಲಿಲ್ಲ. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಸೊಂಟದ ಮೇಲೆ ತಮ್ಮನನ್ನು ಎತ್ತಿಕೊಂಡು ನಿಂತಿದ್ದಳು. "ಇವನ್ನ ಎಲ್ಲಿ ಬಿಡ್ಲಿ ಅಕ್ಕಾ?" ಎಂದಳು. ನೀರು ಬರುವ ಮೊದಲು ಒಂದು ಸಾಲಿನ ತಾಯಂದಿರು ಸರದಿಯಲ್ಲಿ ಮನೆಯಲ್ಲಿದ್ದು ಎಲ್ಲರ ಕೂಸುಗಳನ್ನು ನೋಡಿಕೊಳ್ಳುತ್ತಿದ್ದರು. ನೀರು ಬಂದ ಮೇಲೆ ಹೋದ ಸಾಮಾನು ಕೊಳ್ಳಲು ಎಲ್ಲರೂ ದಿನವೆಲ್ಲ ದುಡಿಯಬೇಕಾಗಿ ಆ ಸರದಿ ಮುರಿದಿತ್ತು. ಅಂಗನವಾಡಿಗೆ ಕಳಿಸಬೇಕಾದರೆ ಮೂರು ವರ್ಷ ತುಂಬಬೇಕು. ಅದಕ್ಕಿಂತ ಸಣ್ಣವರಿಗೆ ಅಕ್ಕಂದಿರೇ ಗತಿ. ಹನ್ನೊಂದು ವರ್ಷದ ಹುಡುಗಿ ಶಾಲೆಗೆ ಹೋಗಬೇಕೆಂದರೆ ಮೊದಲು ಅವಳ ಎರಡು ವರ್ಷದ ತಮ್ಮನಿಗೆ ಜಾಗ ಹುಡುಕಬೇಕು.

ಅದಕ್ಕೊಂದು ಶೆಡ್ಡನ್ನೇ ಬಾಡಿಗೆಗೆ ಹಿಡಿದೆವು, ಮುಂದಿನ ಸಾಲಿನಲ್ಲಿ, ಎತ್ತರದಲ್ಲಿ. ದೊಡ್ಡಮ್ಮನೂ ಬಂಗಾಳದ ಒಬ್ಬ ಅಜ್ಜಿಯೂ ಕೂಸುಗಳನ್ನು ನೋಡಿಕೊಳ್ಳಲು ಒಪ್ಪಿದರು, ಇಬ್ಬರಿಗೂ ತಿಂಗಳಿಗೆ ಇಷ್ಟೆಂದು ಸಂಬಳ. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗದಿದ್ದರೂ ಜೋಳಿಗೆ ತೂಗುವುದಕ್ಕೆ ತೊಂದರೆಯಾಗಲಿಲ್ಲ. ತಾಯಂದಿರು ತಮ್ಮ ಕೈಲಾದಷ್ಟು ಹಾಕುತ್ತಿದ್ದರು, ಉಳಿದದ್ದು ನಮ್ಮ ಬೀದಿಯ ವಂತಿಗೆ. ಆ ಶೆಡ್ಡು ತೆರೆದ ವಾರವೇ ಐದನೇ ಕ್ಲಾಸಿನ ಹುಡುಗಿ ಶಾಲೆಗೆ ಹೋದಳು. ನೆರವು ಅಂತ ನಾವು ಮಾಡಿದ್ದರಲ್ಲಿ ಇದಕ್ಕಿಂತ ಫಲ ಕೊಟ್ಟದ್ದು ಯಾವುದೂ ಇಲ್ಲ. ಇದು ಯಾವ ಕಿಟ್ಟಿನಲ್ಲೂ ಬರುವಂಥದ್ದಲ್ಲ.

ಮೊದಲಿನಿಂದಲೂ ಶಾಲೆಯ ಹೊರಗೇ ಇದ್ದ ಮಕ್ಕಳೂ ಪಟ್ಟಿಯಲ್ಲಿ ಸಿಕ್ಕರು. ಟಿಸಿ ಇಲ್ಲ, ಹುಟ್ಟಿದ ದಾಖಲೆ ಇಲ್ಲ, ವರ್ಷದ ನಡುವೆ ಹೇಗೆ ಸೇರಿಸಿಕೊಳ್ಳುವುದು ಎಂದು ಒಂದು ಶಾಲೆಯಲ್ಲಿ ಹಿಂದೆ ಕಳಿಸಿದರು. ಶಿಕ್ಷಣ ಹಕ್ಕು ಕಾಯ್ದೆ, 2009, ಇದಕ್ಕೆಲ್ಲ ಉತ್ತರ ಇಟ್ಟುಕೊಂಡಿದೆ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕೆಂದು 4ನೇ ಸೆಕ್ಷನ್, ಟಿಸಿ ತಡವಾದರೆ ನಿರಾಕರಿಸುವಂತಿಲ್ಲವೆಂದು 5, ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲವೆಂದು 14, ತಡವಾಗಿ ಬಂದರೂ ಸೇರಿಸಿಕೊಳ್ಳಬೇಕೆಂದು 15. ಈ ನಾಲ್ಕನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ತಾಯಂದಿರ ಕೈಗೇ ಕೊಟ್ಟೆವು, ಅವರೇ ಹೋಗಿ ಓದಿಸಿದರು. ಊರಿನ ಶಾಲೆಯಲ್ಲಿ ಓದುತ್ತಿದ್ದ ಮಕ್ಕಳ ಎಸ್‌ಎಟಿಎಸ್ ನಂಬರನ್ನು, ಅಂದರೆ ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ನಂಬರನ್ನು, ಊರಿನ ಮೇಷ್ಟ್ರಿಗೆ ಫೋನ್ ಮಾಡಿ ತರಿಸಿಕೊಂಡರೆ ವರ್ಗಾವಣೆ ಅರ್ಧ ಮುಗಿದಂತೆ. ಒಬ್ಬ ಮೇಷ್ಟ್ರು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ, ಹುಡುಗಿ ಓದುತ್ತಾಳಾ, ಬಿಡಿಸಬೇಡಿ, ಬಹಳ ಶ್ಯಾಣೇರಿ ಅಕೀ ಎಂದು ಹೇಳಿದ್ದರು.

ಅದೇ ಅಕ್ಟೋಬರಿನಲ್ಲಿ ಮತ್ತೆ ಜೋರು ಮಳೆ ಬಂತು. 2017ರ ವಾರ್ಷಿಕ ಮಳೆಯ ದಾಖಲೆ ಆ ತಿಂಗಳಲ್ಲಿ ಮುರಿಯಿತು. ಅಷ್ಟರಲ್ಲಿ ಶೆಡ್ಡಿನವರು ಸೈಟುಗಳಿಂದ ಇಟ್ಟಿಗೆ ಚೂರು, ಕಲ್ಲುಮಣ್ಣು ತಂದು ನೆಲವನ್ನು ಒಂದಡಿ ಎತ್ತರಿಸಿಕೊಂಡಿದ್ದರು. ಕಾಗದಗಳು ಜಿಪ್ ಇರುವ ದಪ್ಪ ಚೀಲಕ್ಕೆ ಸೇರಿ ಸೂರಿನ ಗಳಕ್ಕೆ ಕಟ್ಟಿಸಿಕೊಂಡಿದ್ದವು. ಪಿಯುಸಿ ಹುಡುಗಿಯರು ಮೊಬೈಲಿನಲ್ಲಿ ಮಳೆಯ ಮುನ್ಸೂಚನೆ ಕೊಡುವ ಮೇಘಸಂದೇಶ ಆಪ್ ನೋಡುತ್ತಾರೆ, ಹವಾಮಾನ ತಿಳಿಸುವ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡುತ್ತಾರೆ, ಮೇಲ್ಗಡೆಯ ಕೆರೆ ಕೋಡಿ ಬಿದ್ದರೆ ಅಲ್ಲಿ ಕೆಲಸ ಮಾಡುವ ವಾಚ್‌ಮನ್ ಒಬ್ಬ ತಿಳಿಸುತ್ತಾನೆ. ಆ ರಾತ್ರಿ ಹಿಂದಿನ ಸಾಲನ್ನು ಹತ್ತು ಗಂಟೆಗೇ ಖಾಲಿ ಮಾಡಿಸಿದ್ದರು. ನಮಗೆ ಗೊತ್ತಾದದ್ದು ಬೆಳಿಗ್ಗೆ.

ಯುಗಾದಿಗೆ ಊರಿಗೆ ಹೋದವರಲ್ಲಿ ಕೆಲವರು ಮರಳಲಿಲ್ಲ, ಅವರ ಜಾಗಕ್ಕೆ ಹೊಸಬರು ಬಂದರು. ಒಲೆಯ ಪುಸ್ತಕವನ್ನು ಮೊಮ್ಮಗಳು ಹೊಸದಾಗಿ ಬರೆದಳು. ಕೂಸಿನ ಶೆಡ್ಡಿಗೆ ಬಾಡಿಗೆ ಹೊಂದಿಸುವುದು ಪ್ರತಿ ತಿಂಗಳೂ ಕಷ್ಟವೇ. ಅದನ್ನು ಮಿನಿ ಅಂಗನವಾಡಿಯಾಗಿ ಮಾಡಿಕೊಡಿ, ಮೂರು ವರ್ಷದೊಳಗಿನವರನ್ನೂ ಸೇರಿಸಿಕೊಳ್ಳಿ ಎಂದು ಹೆಂಗಸರು ಅರ್ಜಿ ಕೊಟ್ಟಿದ್ದಾರೆ. ಜಾಗ ಖಾಸಗಿಯದು, ವಸತಿ ನಕ್ಷೆಯಲ್ಲಿಲ್ಲ ಎಂಬ ಉತ್ತರ ಬಂದಿದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಇದ್ದವರ ಮಕ್ಕಳಿಗೆ ಅದರ ಮೂಲಕ ದಾರಿ ಇದೆಯೇ ಎಂದು ಈಗ ಕೇಳುತ್ತಿದ್ದೇವೆ. ಆ ಕಾರ್ಡಿಗೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ ಬೇಕು, ಮೇಸ್ತ್ರಿಗಳು ಸಹಿ ಹಾಕಲು ಹಿಂದೆ ಮುಂದೆ ನೋಡುತ್ತಾರೆ. ಒಬ್ಬೊಬ್ಬರನ್ನೇ ಕೇಳಿ ಸಹಿ ಹಾಕಿಸಿಕೊಳ್ಳುವ ಕೆಲಸ ನಡೆದಿದೆ. ಪುಸ್ತಕದಲ್ಲಿ ಅದಕ್ಕೂ ಒಂದು ಕಲಮು ಸೇರಿದೆ.